ಕಣ್ಣು ಹಣ್ಣಾಗುವ ತನಕ

ಹೋದ ತಿಂಗಳು ಅಪ್ಪನ ಕಂಪನಿಯಿಂದ ಒಬ್ಬ ಹುಡುಗಿ ಬಂದಿದ್ದಳು. ಕಂಪನಿ ಈಗ ನಮ್ಮದಲ್ಲ, ಕೈಯಿಂದ ಕೈಗೆ ಹೋಗಿ ಈಗ ಯಾರದೋ. ಆದರೆ ಸ್ಥಾಪಕರ ಫೋಟೋ ಮಾತ್ರ ರಿಸೆಪ್ಷನ್ನಿನಲ್ಲಿ ಇನ್ನೂ ಇದೆಯಂತೆ, ಪ್ಲಾಸ್ಟಿಕ್ ಹಾರದ ಸಮೇತ. ಒಂದು ಸುವೆನಿರ್ ತರುತ್ತಿದ್ದಾರೆ. ಅದರಲ್ಲಿ "ಫೌಂಡರ್ ಆಂಡ್ ದ ಬ್ಲೈಂಡ್" ಎಂದು ಒಂದು ಪುಟ. ಐವತ್ತರ ದಶಕದಲ್ಲೇ ಕುರುಡರಿಗೆ ಕೆಲಸ ಕೊಟ್ಟ ಮಹಾನುಭಾವರು, ಮಗಳಾದ ನೀವು ನಾಲ್ಕು ನೆನಪು ಬರೆದುಕೊಡಿ ಆಂಟಿ, ಎಂದಳು.

ಬರೆದುಕೊಟ್ಟೆ. ಇಂಗ್ಲಿಷಿನಲ್ಲಿ, ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ಹಾಗೆ, ಪ್ರತಿ ಪ್ಯಾರಾಗ್ರಾಫಿಗೂ ಒಂದು ಟಾಪಿಕ್ ಸೆಂಟೆನ್ಸ್ ಇಟ್ಟು. ಅದರಲ್ಲಿ ಸುಳ್ಳು ಒಂದೂ ಇಲ್ಲ. ಕುರುಡರಿಗೆ ಕೆಲಸ ಕೊಟ್ಟದ್ದು ನಿಜ. ಕುರುಡರು ಎಂದರೆ ಒಬ್ಬಳೇ ಎಂದು ಮಾತ್ರ ಬರೆಯಲಿಲ್ಲ. ಕೆಲಸ ಶುರು ಮಾಡಿದಾಗ ಅವಳ ಎರಡು ಕಣ್ಣೂ ಕಾಣುತ್ತಿದ್ದವು ಎಂದೂ ಬರೆಯಲಿಲ್ಲ.

ಅವಳು ನನ್ನ ಅತ್ಯಾ, ಅಪ್ಪನ ಅಕ್ಕ. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದ್ದರಿಂದ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನ ಕನ್ನಡ ಸ್ವಲ್ಪ ತುಕ್ಕು ಹಿಡಿದಿದೆ, ಓದುವವರು ಎಕ್ಸ್‌ಕ್ಯೂಸ್ ಮಾಡಬೇಕು.

ನಮ್ಮದು ಸಯನ್ನಿನಲ್ಲಿ ಎರಡು ಕೋಣೆಯ ಮನೆ, ಮೂರನೆಯ ಮಾಳಿಗೆ. ಅಪ್ಪ ಧಾರವಾಡದ ಕಡೆಯಿಂದ ಮೀಸೆ ಚಿಗುರುವ ಮೊದಲೇ ಮುಂಬಯಿಗೆ ಬಂದವನು. ಯುದ್ಧದ ಕಾಲದಲ್ಲಿ ಹಡಗುಗಳ ವೈರ್‌ಲೆಸ್ ರಿಪೇರಿ ಮಾಡುವವರ ಕೈಕೆಳಗೆ ಕೆಲಸ ಕಲಿತ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಗುಜರಿಗೆ ಹಾಕಿದ ಸೆಟ್ಟುಗಳನ್ನು ತಂದು, ಬಿಚ್ಚಿ, ಅದರ ಎಲುಬಿನಿಂದ ಹೊಸ ರೇಡಿಯೋ ಕಟ್ಟತೊಡಗಿದ. ಕುರ್ಲಾದಲ್ಲಿ ಒಂದು ತಗಡಿನ ಶೆಡ್ಡು ಹಿಡಿದು ಬಾಗಿಲಿಗೆ ಕಂಪನಿಯ ಬೋರ್ಡು ಹಾಕಿದ. "ಒಳಗ ನಾಕ ಮಂದಿ, ಹೊರಗ ಲಿಮಿಟೆಡ್," ಎಂದು ಅತ್ಯಾ ನಗುತ್ತಿದ್ದಳು. ಲಿಮಿಟೆಡ್ ಎಂದರೆ ಏನೋ ಬಹಳ ದೊಡ್ಡದು ಎಂದು ಅವಳು ತಿಳಿದಿದ್ದಳು.

ನನಗೆ ಐದು ವರ್ಷವಾಗಿದ್ದಾಗ ಅವ್ವ ತೀರಿಕೊಂಡಳು. ನನ್ನನ್ನು ನೋಡಿಕೊಳ್ಳಲು ಅತ್ಯಾ ಬಂದಳು. ಒಂಬತ್ತಕ್ಕೆ ಮದುವೆ, ಹನ್ನೊಂದಕ್ಕೆ ವಿಧವೆ. ತಲೆ ಬೋಳಿಸಿ, ಕೆಂಪು ಸೀರೆಯ ಸೆರಗನ್ನು ಹಣೆಯ ತನಕ ಎಳೆದುಕೊಂಡಿರುತ್ತಿದ್ದಳು. ತಿಂಗಳಿಗೊಮ್ಮೆ ಕ್ಷೌರದವನು ಹಿಂದಿನ ಮೆಟ್ಟಿಲಿನಿಂದ ಬರುತ್ತಿದ್ದ. ಅಪ್ಪ ಸೈನ್ಸಿನ ಮನುಷ್ಯ, ದೇವರಿಗೆ ಕೈ ಮುಗಿಯುತ್ತಿರಲಿಲ್ಲ. ಆದರೆ ಯಾರಾದರೂ ದೊಡ್ಡ ಗಿರಾಕಿಯನ್ನು ನೋಡಲು ಹೊರಟ ದಿನ ಚಪ್ಪಲಿ ಮೆಟ್ಟುವ ಮೊದಲು ಕೂಗುತ್ತಿದ್ದ: "ಅಕ್ಕಾ, ಒಳಗ ಹೋಗು." ಎದುರಿಗೆ ವಿಧವೆ ಬಂದರೆ ಕೆಲಸ ಕೆಡುತ್ತದಲ್ಲ. ಅತ್ಯಾ ಅಡುಗೆಮನೆಯ ಬಾಗಿಲ ಹಿಂದೆ ಸರಿದು, ಅಲ್ಲಿಂದಲೇ "ಹೂಂ, ಹೋಗು, ಛಲೋ ಆಗ್ಲಿ," ಎನ್ನುತ್ತಿದ್ದಳು.

ನನ್ನನ್ನು ಅಪ್ಪ ಕಾನ್ವೆಂಟಿಗೆ ಹಾಕಿದ. ಬಂಧುಗಳು ಯಾಕೆಂದು ಕೇಳಿದರೆ, "ಕಂಪನಿಗೆ ಒಂದ ಇಂಗ್ಲಿಷ್ ಬೇಕು," ಎಂದ. ನಾನು ತಮಾಷೆ ಅಂದುಕೊಂಡಿದ್ದೆ. ಹತ್ತು ತುಂಬುವ ಹೊತ್ತಿಗೆ ಕಂಪನಿಯ ಎಲ್ಲ ಪತ್ರಗಳೂ ನನ್ನ ಕೈಬರಹದಲ್ಲೇ ಹೋಗುತ್ತಿದ್ದವು. "ವಿ ಬೆಗ್ ಟು ಅಕ್ನಾಲೆಜ್." ಬೆಗ್ ಎಂದರೆ ಬೇಡುವುದು ಎಂದು ನನಗೆ ಗೊತ್ತಿತ್ತು, ನಾವು ಏನನ್ನು ಬೇಡುತ್ತಿದ್ದೇವೆ ಎಂಬುದು ಗೊತ್ತಿರಲಿಲ್ಲ.

ಅಪ್ಪನ ರೇಡಿಯೋಗಳಿಗೆ ಒಂದು ರೋಗವಿತ್ತು. ರೇಡಿಯೋದ ಒಳಗೆ ಕಾಯಿಲ್ ಎಂದು ಇರುತ್ತದೆ. ಬೆರಳುದ್ದದ ರಟ್ಟಿನ ಕೊಳವೆಯ ಮೇಲೆ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ನೂರಾರು ಸುತ್ತು ಸುತ್ತಬೇಕು. ಅದು ಸರಿ ಬಾರದಿದ್ದರೆ ಒಂದು ಸ್ಟೇಷನ್ನಿನ ತೊಡೆಯ ಮೇಲೆ ಇನ್ನೊಂದು ಸ್ಟೇಷನ್ ಬಂದು ಕೂರುತ್ತದೆ. ಹಾಡಿನ ನಡುವೆ ಬೇರೆ ಊರಿನ ವಾರ್ತೆ, ವಾರ್ತೆಯ ನಡುವೆ ಯಾರದೋ ತಬಲಾ. ಒಬ್ಬ ಗುಜರಾತಿ ಅಂಗಡಿಯವನು ಸೆಟ್ಟನ್ನು ವಾಪಸು ತಂದಿಟ್ಟು, "ಸಾಹೇಬ್, ಬಹುತ್ ಬಢಿಯಾ ರೇಡಿಯೋ ಹೈ, ಏಕ್ ಸಾಥ್ ದೋ ದೋ ಸ್ಟೇಷನ್ ಸುನಾತಾ ಹೈ," ಎಂದು ಕೈಮುಗಿದು ಹೋದ. ಅಪ್ಪ ಅವತ್ತು ಊಟ ಮಾಡಲಿಲ್ಲ.

ಮರುದಿನ ಭಾನುವಾರ. ಮಧ್ಯಾಹ್ನ ಅಪ್ಪ ಬಾಲ್ಕನಿಯಲ್ಲಿ ಕೂತು ಕಾಯಿಲ್ ಸುತ್ತುತ್ತಿದ್ದ. ತಂತಿ ಪಟಕ್ಕನೆ ಹರಿಯುತ್ತಿತ್ತು, ಅವನು ಬೈಯುತ್ತಿದ್ದ. ಒಳಗೆ ಅತ್ಯಾ ಹತ್ತಿ ಹಿಡಿದು ದೇವರಿಗೆ ಗೆಜ್ಜೆವಸ್ತ್ರ ಮಾಡುತ್ತಿದ್ದಳು. ಹತ್ತಿಯನ್ನು ಎಳೆಯುವಾಗ ಅವಳ ಬೆರಳು ಹತ್ತಿಯನ್ನು ಮುಟ್ಟಿದೆಯೋ ಇಲ್ಲವೋ ಎಂದು ಅನುಮಾನ ಬರುತ್ತಿತ್ತು.

"ಕೊಡಿಲ್ಲೆ," ಎಂದಳು. "ಹತ್ತಿ ಎಳಿಯೋ ಕೈಗೆ ತಂತಿ ಬರೂದಿಲ್ಲೇನು?"

"ಎಣಿಸಬೇಕಾಗ್ತದಕ್ಕಾ. ಒಂದ ಸುತ್ತ ತಪ್ಪಿದ್ರೂ ಕೆಟ್ಟಿತು."

"ಮೂವತ್ತ ವರ್ಷ ಜಪಾ ಮಾಡೀನಿ. ಎಣಿಸೂದು ನನಗ ಕಲಸ್ತಾನ ಇವ!"

ಅವಳು ಒಂದು ಸುತ್ತಿಗೆ ಒಂದು ನಾಮ ಎಂದು ತುಟಿಯಲ್ಲೇ ಎಣಿಸುತ್ತ ಸುತ್ತಿದಳು. ತಂತಿ ಒಂದು ಸಲವೂ ಹರಿಯಲಿಲ್ಲ. ಮುಗಿಸಿ ಕೈಗೆ ಕೊಟ್ಟಾಗ ಅಪ್ಪ ನೋಡಿದ: ಸುತ್ತು ಒಂದೇ ಸಮನೆ ಇರಲಿಲ್ಲ. ಮೂರು ಗುಂಪಾಗಿತ್ತು. ಎರಡು ಗುಂಪಿನ ನಡುವೆ ಒಂದು ಅಕ್ಕಿಕಾಳಿನಷ್ಟು ಖಾಲಿ ಜಾಗ.

"ನಡುವ ಯಾಕ ಜಾಗಾ ಬಿಟ್ಟಿ?"

"ನೂರಾ ಎಂಟ ಆತು. ಮೇರು ಬಂತು. ಮೇರು ದಾಟಬಾರದು."

ಜಪಮಾಲೆಯ ತುದಿಯಲ್ಲಿ ಒಂದು ದೊಡ್ಡ ಮಣಿ ಇರುತ್ತದೆ, ಅದೇ ಮೇರು. ನೂರೆಂಟು ಮುಗಿದರೆ ಅದನ್ನು ದಾಟಿ ಮುಂದೆ ಎಣಿಸಬಾರದು, ನಿಲ್ಲಬೇಕು, ಹೊಸದಾಗಿ ಶುರು ಮಾಡಬೇಕು.

"ಇದ ಜಪಮಾಲಿ ಅಲ್ಲಕ್ಕಾ, ಕಾಯಿಲ್!"

"ನನಗ ಎಣಿಸೂದು ಹಿಂಗ ಬರ್ತದ. ಬ್ಯಾಡಂದ್ರ ಬಿಚ್ಚಿ ಒಗಿ."

ಬಿಚ್ಚಲು ಅವನಿಗೆ ಬೇಸರ. ಅವಳ ತಪ್ಪನ್ನು ಅವಳ ಕಿವಿಗೇ ಕೇಳಿಸಬೇಕೆಂದು ಅದನ್ನೇ ಸೆಟ್ಟಿಗೆ ಬೆಸೆದು ಡಯಲ್ ತಿರುಗಿಸಿದ. ಹಾಡು ಬಂತು. ಹಾಡು ಮಾತ್ರ ಬಂತು. ದಿನವೂ ಕಿಕ್ಕಿರಿದ ಲೋಕಲ್‌ನಲ್ಲಿ ನೇತಾಡಿ ಬರುವವನಿಗೆ ಒಂದು ದಿನ ಇಡೀ ಖಾಲಿ ಡಬ್ಬಿ ಸಿಕ್ಕ ಹಾಗೆ. ಅಪ್ಪ ಇನ್ನೊಂದು ಸುತ್ತಿಸಿದ, ಜಾಗ ಬಿಡದೆ, ಮತ್ತೆ ಗದ್ದಲ. ಜಾಗ ಬಿಟ್ಟು ಇನ್ನೊಂದು, ನಿಚ್ಚಳ. ಅವನು ಹಾಗೇ ನೆಲದ ಮೇಲೆ ಕೂತುಬಿಟ್ಟ.

ಸುತ್ತುಗಳನ್ನು ಗುಂಪುಗಳಾಗಿ ಬಿಡಿಸಿಟ್ಟರೆ ಒಂದರ ತೊಡಕು ಇನ್ನೊಂದಕ್ಕೆ ತಾಗುವುದಿಲ್ಲ ಎಂದು ಎರಡೇ ದಿನದಲ್ಲಿ ಪುಸ್ತಕ ತೆಗೆದು ಲೆಕ್ಕ ಹಾಕಿ ತಿಳಿದುಕೊಂಡ. ವಿದೇಶದಲ್ಲಿ ಇಂಥದ್ದು ಬೇರೆ ರೀತಿಯಲ್ಲಿ ಇತ್ತಂತೆ. ಆದರೆ ಈ ಅಳತೆ, ಈ ಅಕ್ಕಿಕಾಳು, ಯಾರಲ್ಲೂ ಇರಲಿಲ್ಲ. ಪೇಟೆಂಟಿಗೆ ಅರ್ಜಿ ಹಾಕಬೇಕೆಂದ. ಫೇರ್ ಕಾಪಿ ನಾನೇ ಮಾಡಿದೆ, ಕಾನ್ವೆಂಟಿನ ಓರೆ ಅಕ್ಷರದಲ್ಲಿ. ಅದರಲ್ಲಿ ಒಂದು ಸಾಲು ಇತ್ತು, ತಾನೇ "ಟ್ರೂ ಆಂಡ್ ಫಸ್ಟ್ ಇನ್ವೆಂಟರ್" ಎಂದು ಘೋಷಿಸುವುದು.

"ಅತ್ಯಾನ ಹೆಸರ ಎಲ್ಲಿ ಬರೀಬೇಕಪ್ಪಾ?" ಎಂದು ಕೇಳಿದೆ.

"ಬೇಬಿ, ಇನ್ವೆಂಟ್ ಮಾಡೋದು ಅಂದ್ರ ಯಾಕ ಹಂಗ ಆತು ಅಂತ ತಿಳಿಯೋದು. ಆಕಿಗೆ ತಿಳಿದದೇನು?"

ತಿಳಿದಿರಲಿಲ್ಲ. ನನಗೆ ಅಪ್ಪ ಹೇಳಿದ್ದು ಸರಿ ಅನ್ನಿಸಿತು. ಈಗಲೂ ಅರ್ಧ ಸರಿ ಅನ್ನಿಸುತ್ತದೆ, ಅದೇ ಕಷ್ಟ.

ಪೇಟೆಂಟ್ ಕೈಗೆ ಬರುವ ತನಕ ಈ ಗುಟ್ಟು ಮನೆಯ ಹೊರಗೆ ಹೋಗಬಾರದು ಎಂದು ಅಪ್ಪನ ಕಟ್ಟಪ್ಪಣೆ. ಆದ್ದರಿಂದ ಶೆಡ್ಡಿನಲ್ಲಿ ಯಾರಿಗೂ ಕಲಿಸಲಿಲ್ಲ. ಕಾಯಿಲ್ ಸುತ್ತುವವಳು ಅತ್ಯಾ ಒಬ್ಬಳೇ, ಅಡುಗೆಮನೆಯಲ್ಲಿ, ಕಿಟಕಿ ಅರ್ಧ ಮುಚ್ಚಿ. ಮಧ್ಯಾಹ್ನದ ಅಡುಗೆ ಮುಗಿದ ಮೇಲೆ ಕೂತರೆ ದೀಪ ಹಚ್ಚುವ ಹೊತ್ತು ದಾಟುತ್ತಿತ್ತು. ಸುತ್ತಿದ ಕಾಯಿಲ್‌ಗಳ ಮೇಲೆ ಅಪ್ಪನೇ ಮೇಣದ ಬಟ್ಟೆ ಸುತ್ತಿ, ಜಾಗ ಕಾಣದ ಹಾಗೆ ಮಾಡಿ ಕುರ್ಲಾಗೆ ಒಯ್ಯುತ್ತಿದ್ದ. ಅಪ್ಪನ ರೇಡಿಯೋ ಹೆಸರಾಯಿತು. ಬಿಲ್ಡಿಂಗಿನವರು "ನಿಮ್ಮ ತಮ್ಮ ಭಾಳ ಶಾಣ್ಯಾ," ಎಂದರೆ ಅತ್ಯಾ ಸೆರಗಿನೊಳಗೇ ಬೀಗುತ್ತಿದ್ದಳು. ನಿಜಕ್ಕೂ ಬೀಗುತ್ತಿದ್ದಳು, ಅದನ್ನು ನಾನು ಸೇರಿಸಿ ಹೇಳುತ್ತಿಲ್ಲ.

ನನಗೆ ಹದಿಮೂರು ನಡೆಯುತ್ತಿದ್ದ ವರ್ಷ ಸರ್ಕಾರದ ಒಂದು ಆರ್ಡರ್ ಬಂತು, ಹಳ್ಳಿಗಳಿಗೆ ಕೊಡುವ ರೇಡಿಯೋಗಳದ್ದು. ಅದನ್ನು ಹೇಳಿದ ವೇಳೆಗೆ ಮುಗಿಸಿದರೆ ಕುರ್ಲಾದ ತಗಡು ಹೋಗಿ ಪವಾಯಿಯ ಕಡೆ ಸಿಮೆಂಟಿನ ಫ್ಯಾಕ್ಟರಿ ಬರುತ್ತಿತ್ತು. ಅಂಥ ಹೊತ್ತಿನಲ್ಲೇ ಒಂದು ಸಂಜೆ ಅತ್ಯಾ ದೇವರ ಮುಂದೆ ಕೂತವಳು ನನ್ನನ್ನು ಕರೆದಳು.

"ಕೂಸ, ಬಾ ಇಲ್ಲೆ. ದೀಪದ ಸುತ್ತ ಕಾಮನಬಿಲ್ಲ ಕಾಣಸ್ತದ ನೋಡು."

ನನಗೆ ಏನೂ ಕಾಣಲಿಲ್ಲ.

"ನಿನಗ ಕಾಣಸೂದಿಲ್ಲ. ನನಗಷ್ಟ. ಪ್ರಭಾವಳಿ ಇದು. ಇಷ್ಟ ವರ್ಷ ಮಾಡಿದ್ದಕ್ಕ ಕೊಟ್ಟಾನ."

ದೇವರು ಕೊಟ್ಟದ್ದರ ಜೊತೆಗೆ ತಲೆನೋವೂ ಬಂತು. ವಾಂತಿ ಬಂತು. ಬಾಗಿಲ ಚೌಕಟ್ಟಿಗೆ ಭುಜ ಬಡಿಯತೊಡಗಿತು. ಕೊನೆಗೆ ಅಪ್ಪ, "ಬೇಬಿ, ಆಕಿನ್ನ ಕಣ್ಣಿನ ಡಾಕ್ಟರ ಕಡೆ ಕರಕೊಂಡ ಹೋಗು, ಚಷ್ಮಾ ಕೊಡ್ತಾರ," ಎಂದ. ಅವನಿಗೆ ಪುರುಸೊತ್ತಿರಲಿಲ್ಲ.

ದಾದರಿನಲ್ಲಿ ಒಬ್ಬ ಪಾರ್ಸಿ ಡಾಕ್ಟರು ಇದ್ದರು. ವೇಟಿಂಗ್ ರೂಮಿನಲ್ಲಿ ನನ್ನ ಕ್ಲಾಸಿನ ಹುಡುಗಿಯೊಬ್ಬಳು ತಾಯಿಯ ಜೊತೆ ಕೂತಿದ್ದಳು. ಅತ್ಯಾನ ಸೆರಗು ಜಾರಿತ್ತು, ವಾರದ ಹಿಂದೆ ಬೋಳಿಸಿದ ತಲೆಯ ಮೇಲೆ ಬಿಳಿ ಮುಳ್ಳು. "ಹೂ ಈಸ್ ಶಿ?" ಎಂದಳು ಹುಡುಗಿ. "ಅವರ್ ಕುಕ್," ಎಂದೆ. ಏನೋ ತನ್ನ ವಿಷಯವೇ ಮಾತಾಡುತ್ತಿದ್ದಾರೆಂದು ತಿಳಿದ ಅತ್ಯಾ ಅವಳನ್ನು ನೋಡಿ ಬಾಯಿ ತುಂಬ ನಕ್ಕಳು.

ಡಾಕ್ಟರು ಬಹಳ ಹೊತ್ತು ನೋಡಿದರು. ನನ್ನೊಂದಿಗೆ ಇಂಗ್ಲಿಷಿನಲ್ಲೇ ಮಾತಾಡಿದರು, ಅತ್ಯಾಗೆ ಕನ್ನಡ ಬಿಟ್ಟು ಬೇರೆ ಯಾವುದೂ ತಿಳಿಯುವಂತಿರಲಿಲ್ಲ. ಗ್ಲಾಕೋಮಾ ಎಂದರು. ಕಣ್ಣಿನ ಒಳಗಿನ ಒತ್ತಡ ಏರಿ ನರವನ್ನು ಸಾಯಿಸುತ್ತಿದೆ, ಒಂದು ತಿಂಗಳೊಳಗೆ ಆಪರೇಷನ್ ಆದರೆ ಉಳಿದದ್ದು ಉಳಿಯುತ್ತದೆ, ಆಗದಿದ್ದರೆ ಎರಡೂ ಹೋಗುತ್ತವೆ ಎಂದರು. "ಟೆಲ್ ಹರ್, ಚೈಲ್ಡ್." ನಾನು ಅತ್ಯಾನ ಕಡೆ ತಿರುಗಿ, "ಅಪ್ಪಗ ಪತ್ರ ಕೊಡ್ತಾರಂತ," ಎಂದೆ. ಹೊರಗೆ ಆ ಹುಡುಗಿ ಇನ್ನೂ ಕೂತಿದ್ದಳು. ಬೇಗ ಹೋಗಬೇಕಿತ್ತು.

ಹೋದ ವರ್ಷ ನನ್ನ ಕಣ್ಣು ನೋಡಿದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತ, "ಗ್ಲಾಕೋಮಾ, ಎನಿ ಫ್ಯಾಮಿಲಿ ಹಿಸ್ಟರಿ?" ಎಂದು ಕೇಳಿದಳು. "ನೋ," ಎಂದೆ. ಬಾಯಿ ತನ್ನಷ್ಟಕ್ಕೆ ಹೇಳಿತು. ದಿನಕ್ಕೆರಡು ಹನಿ ಹಾಕಿಕೊಳ್ಳುತ್ತೇನೆ, ನನ್ನ ಕಣ್ಣು ಚೆನ್ನಾಗಿದೆ.

ಪತ್ರವನ್ನು ಅಪ್ಪ ನಿಂತೇ ಎರಡು ಸಲ ಓದಿದ.

"ಆಪರೇಷನ್ ಆದ್ರ ಎಷ್ಟ ದಿನ ಮಲಗಬೇಕಂತ?"

"ಮೂರ ವಾರ ಕಣ್ಣ ಕಟ್ಟಿರ್ತಾರಂತ. ಆಮ್ಯಾಲೂ ತಂತಿ ಸುತ್ತೂವಂಥ ಸಣ್ಣ ಕೆಲಸಾ ಎಂದೂ ಮಾಡಬಾರದಂತ."

"ಎಂದೂ?"

"ನೆವರ್, ಅಂದ್ರು."

ಅಪ್ಪ ಬಾಲ್ಕನಿಗೆ ಹೋಗಿ ಬಂದ. ಪತ್ರವನ್ನು ಮಡಿಸಿ ನನ್ನ ಕೈಗೇ ಕೊಟ್ಟ. "ಪೊರಿ ಬಂದದ ಅಂತ ಹೇಳು. ಇನ್ನೂ ಹಣ್ಣಾಗಿಲ್ಲ ಅಂತ ಹೇಳು."

ಆ ಕಾಲದಲ್ಲಿ ಕಣ್ಣಿನ ಪೊರೆ ಮಾವಿನಕಾಯಿಯ ಹಾಗೆ ಹಣ್ಣಾಗಬೇಕು, ಅಲ್ಲಿಯವರೆಗೆ ಮುಟ್ಟಬಾರದು ಎಂದು ಎಲ್ಲರಿಗೂ ಗೊತ್ತಿತ್ತು. ನಮ್ಮ ಬಿಲ್ಡಿಂಗಿನಲ್ಲೇ ಮೂವರು ಮುದುಕರು ಕಣ್ಣು ಹಣ್ಣಾಗುವುದನ್ನು ಕಾಯುತ್ತ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಪೊರೆಯಿಂದ ಕತ್ತಲಾದರೆ ಭಯವಿಲ್ಲ, ತೆಗೆದರೆ ಬೆಳಕು ಬರುತ್ತದೆ. ಗ್ಲಾಕೋಮಾದಲ್ಲಿ ಹೋದದ್ದು ಹೋಯಿತು.

"ಆದ್ರ ಇದು ಪೊರಿ ಅಲ್ಲಪ್ಪಾ."

"ಸುಳ್ಳ ಹೇಳು ಅನ್ನಲಿಕ್ಕಹತ್ತಿಲ್ಲ ಬೇಬಿ. ಪೋಸ್ಟ್‌ಪೋನ್ ಮಾಡು ಅಂತೀನಿ, ಅಷ್ಟ. ಆರ್ಡರ್ ಮುಗಿದ ಮರುದಿನ ನಾನ ಟ್ಯಾಕ್ಸಿ ತರ್ತೀನಿ."

"ನೀನ ಹೇಳು ಮತ್ತ."

"ನನ್ನ ಮಾತ ಆಕಿ ನಂಬೂದಿಲ್ಲ, ಹುಟ್ಟಿದಾಗಿಂದ ನೋಡ್ಯಾಳ ನನ್ನ. ನೀ ಹೇಳಿದ್ರ ನಂಬ್ತಾಳ." ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, "ನೀ ಕಂಪನಿಯ ಅರ್ಧ ಮಾಲಕಿ," ಎಂದ.

ಅವನು ನನಗೆ ಏನನ್ನೂ ಕೊಡಲಿಲ್ಲ, ಹೆದರಿಸಲೂ ಇಲ್ಲ. ಈ ಒಂದು ಮಾತು ಸಾಕಾಯಿತು. ಆಪರೇಷನ್ ಎಂದರೆ ಆಸ್ಪತ್ರೆ, ಆಸ್ಪತ್ರೆ ಎಂದರೆ ದಿನವೂ ಆ ಬೋಳುತಲೆಯ ಪಕ್ಕ ಸ್ಟೂಲಿನ ಮೇಲೆ ಕೂರಬೇಕು, ಯಾರಾದರೂ ನೋಡುತ್ತಾರೆ, ಎಂದೂ ಯೋಚಿಸಿದೆ. ಹದಿಮೂರಕ್ಕೆ ಅದೆಲ್ಲ ತೂಕ ಹಾಕಲು ಬರುತ್ತದೆ. ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಅಡುಗೆಮನೆಯಲ್ಲಿ ಅತ್ಯಾ ಗೋಡೆಗೆ ಒರಗಿ ಕೂತಿದ್ದಳು, ಬಲಗೈ ಜಪದ ಚೀಲದೊಳಗೆ. ಕೈಯಲ್ಲಿ ತಂತಿ ಇಲ್ಲದಿದ್ದರೆ ಅವಳ ಬೆರಳಲ್ಲಿ ಮಣಿ ಇರಲೇಬೇಕು.

"ಕೂಸ, ಮೊದಲ ಡಾಕ್ಟರ್ ಬರೆದಂಗ ಓದು. ದೊಡ್ಡ ಮಂದಿ ಮಾತು, ಅವರದರೊಳಗ ಕೇಳಿಸ್ಕೋಬೇಕು. ಆಮ್ಯಾಲೆ ನಮ್ಮದರೊಳಗ ಹೇಳೀಯಂತ."

ಓದಿದೆ. ಮೊದಲಿನಿಂದ ಕೊನೆಯವರೆಗೆ, ಒಂದು ಕಾಮಾ ಬಿಡದೆ. ಎಲೋಕ್ಯೂಷನ್ನಿನಲ್ಲಿ ಪ್ರೈಜ್ ಬಂದವಳು ನಾನು. ಒಂದು ತಿಂಗಳು, ಎರಡು ಕಣ್ಣು, ಕೂಡಲೇ ಸೂಕ್ಷ್ಮ ಕೆಲಸ ನಿಲ್ಲಿಸತಕ್ಕದ್ದು, ಎಲ್ಲವನ್ನೂ ಅವಳ ಮುಖಕ್ಕೆ ನೇರವಾಗಿ ಓದಿದೆ. "ಇರ್ರಿವರ್ಸಿಬಲ್" ಎನ್ನುವಲ್ಲಿ ಕೂಡ ನಾಲಗೆ ತೊದಲಲಿಲ್ಲ.

"ಎಷ್ಟ ಛಂದ ಓದ್ತಿ!" ಎಂದಳು. "ಏನಂತ ಈಗ?"

"ಪೊರಿ ಬಂದದಂತ ಅತ್ಯಾ. ಇನ್ನೂ ಹಣ್ಣಾಗಿಲ್ಲಂತ."

"ಇಷ್ಟೇನ?"

"ಇಷ್ಟ."

ಚೀಲದೊಳಗೆ ಅವಳ ಕೈ ಒಂದು ಕ್ಷಣ ನಿಂತಿತು. ಆಮೇಲೆ ಮತ್ತೆ ಆಡಿತು. "ಆತು. ಹಣ್ಣಾಗ್ಲಿ," ಎಂದು ಪತ್ರ ಇಸಿದುಕೊಂಡು ಜಪದ ಚೀಲದೊಳಗೇ ಇಟ್ಟಳು. ತಂತಿಯ ಉಂಡೆ ಎಳೆದುಕೊಂಡಳು.

ಒಂದು ತಿಂಗಳು ಕಳೆಯಿತು, ಎರಡು ಕಳೆಯಿತು. ಬೆಳಿಗ್ಗೆ ನನಗೆ ಜಡೆ ಹಾಕುವಾಗ ನನ್ನ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಕಡೆ ತಿರುಗಿಸಿ ತುಂಬ ಹೊತ್ತು ನೋಡುತ್ತಿದ್ದಳು. ನಾನು ಕಸಿವಿಸಿಯಿಂದ ತಪ್ಪಿಸಿಕೊಳ್ಳುತ್ತಿದ್ದೆ. "ಹಣ್ಣಾಗೇದೇನ ನೋಡ ಕೂಸ," ಎಂದು ಕಣ್ಣು ಅರಳಿಸುತ್ತಿದ್ದಳು. "ಇನ್ನೂ ಇಲ್ಲತ್ಯಾ," ಎನ್ನುತ್ತಿದ್ದೆ. ಅದು ನಮ್ಮ ದಿನದ ಮಾತಾಗಿ ಹೋಯಿತು, ಕಾಫಿ ಆಯಿತೇ ಎಂದು ಕೇಳಿದ ಹಾಗೆ.

ಒಂದು ದಿನ ಅವಳು ಹಾಕಿದ ಎರಡು ಜಡೆಯಲ್ಲಿ ಒಂದು ಕಿವಿಯ ಮೇಲಿತ್ತು, ಇನ್ನೊಂದು ಕುತ್ತಿಗೆಯ ಹತ್ತಿರ. ಸ್ಕೂಲಿನಲ್ಲಿ ಹುಡುಗಿಯರು ಇಡೀ ದಿನ ನಕ್ಕರು. ಮನೆಗೆ ಬಂದವಳೇ ರಿಬ್ಬನ್ ಕಿತ್ತು ಅವಳ ಮೇಲೆ ಎಸೆದು ಕೂಗಿದೆ: "ಕಣ್ಣ ಕಾಣಸೂದಿಲ್ಲೇನ ನಿನಗ?"

ಅತ್ಯಾ ನೆಲದ ಮೇಲೆ ಕೈಯಾಡಿಸಿ ರಿಬ್ಬನ್ ಹುಡುಕಿ, ಸುರುಳಿ ಸುತ್ತಿ, ನನ್ನ ಧ್ವನಿ ಬಂದ ಕಡೆ ಚಾಚಿದಳು. ನಾನು ಅಷ್ಟರಲ್ಲಿ ಬೇರೆ ಕಡೆ ಸರಿದಿದ್ದೆ. ಅವಳ ಕೈ ಖಾಲಿ ಗಾಳಿಯಲ್ಲೇ ಚಾಚಿಕೊಂಡಿತ್ತು. ಹೋಗಿ ತೆಗೆದುಕೊಳ್ಳಲಿಲ್ಲ.

ಆರ್ಡರ್ ಮುಗಿಯಿತು. ಅಪ್ಪ ಮಾತಿನ ಮನುಷ್ಯ, ಮರುದಿನವೇ ಟ್ಯಾಕ್ಸಿ ತಂದ. ಈ ಸಲ ತಾನೂ ಬಂದ. ಡಾಕ್ಟರು ಅತ್ಯಾನ ಕಣ್ಣಿಗೆ ಟಾರ್ಚ್ ಹಿಡಿದರು, ಆರಿಸಿದರು, ಮತ್ತೆ ಹಿಡಿದರು. ಅವಳಿಗೆ ಎರಡೂ ಒಂದೇ. ನನ್ನನ್ನು ಅವರು ನೋಡಿದರು, ಅಪ್ಪನನ್ನಲ್ಲ. "ಡಿಡ್ ಯು ಟೆಲ್ ಹರ್?" ನಾನು ಶೂಸಿನ ತುದಿ ನೋಡುತ್ತ ನಿಂತೆ. ಅವರು ಫೀ ತೆಗೆದುಕೊಳ್ಳಲಿಲ್ಲ. ಹಿಂತಿರುಗುವಾಗ ಟ್ಯಾಕ್ಸಿಯಲ್ಲಿ ಅತ್ಯಾ, "ಏನಂದ್ರು?" ಎಂದು ಕೇಳಿದಳು. "ಹಣ್ಣಾಗೂದು ತಪ್ಪಿ ಕೊಳತು ಹೋತಂತ, ಒಮ್ಮೊಮ್ಮೆ ಹಂಗ ಆಗ್ತದಂತ," ಎಂದು ಅಪ್ಪ ಹೇಳಿದ. ಇನ್ವೆಂಟರ್ ಅಲ್ಲವೇ.

ಒಂದು ವಾರ ಅವನಿಗೆ ನಿದ್ದೆ ಬಂದಿರಲಿಕ್ಕಿಲ್ಲ. ಅಷ್ಟನ್ನು ನಾನು ಅವನ ಪರವಾಗಿ ಒಪ್ಪುತ್ತೇನೆ. ಎಂಟನೆಯ ದಿನ ಶೆಡ್ಡಿನಿಂದ ಬಂದು ನೋಡಿದರೆ ಅತ್ಯಾ ಎಂದಿನ ಜಾಗದಲ್ಲಿ ಕೂತು ಕಾಯಿಲ್ ಸುತ್ತುತ್ತಿದ್ದಾಳೆ. ಕಣ್ಣು ಎಲ್ಲೋ ಗೋಡೆಯ ಮೇಲೆ, ತುಟಿಯಲ್ಲಿ ನಾಮ. ಅಪ್ಪ ಕಾಯಿಲ್ ತೆಗೆದುಕೊಂಡು ಬೆಳಕಿಗೆ ಹಿಡಿದ. ಅಕ್ಕಿಕಾಳಿನ ಜಾಗ ಮೊದಲಿಗಿಂತ ನಿಖರವಾಗಿತ್ತು.

"ನೋಡು ಬೇಬಿ," ಎಂದ, ನಿಜವಾದ ಸಂತೋಷದಿಂದ. "ಆಕಿಗೆ ಕಣ್ಣ ಬೇಕಾಗೇ ಇರಲಿಲ್ಲ."

ಅಲ್ಲಿಯವರೆಗೆ ಬಂದವರ ಕಣ್ಣಿಗೆ ಬೀಳದ ಹಾಗೆ ಇಟ್ಟಿದ್ದ ಅಕ್ಕನನ್ನು ಅಪ್ಪ ಈಗ ತೋರಿಸತೊಡಗಿದ. ಆ ಹೊತ್ತಿಗೆ ಪೇಟೆಂಟ್ ಬಂದಿತ್ತು, ಮುಚ್ಚಿಡುವಂಥದ್ದು ಏನೂ ಉಳಿದಿರಲಿಲ್ಲ. ಪವಾಯಿಯ ಹೊಸ ಫ್ಯಾಕ್ಟರಿಯಲ್ಲಿ ಅವಳಿಗೆ ಗಾಜಿನ ಕಿಟಕಿಯ ಪಕ್ಕ ಒಂದು ಮೇಜು. ಸೆರಗು ಹೊದ್ದು ಕೂತ ಕುರುಡಿ, ಬೆರಳಲ್ಲಿ ಬಂಗಾರದಂಥ ತಂತಿ. ನೋಡಲು ಬಹಳ ಚೆನ್ನಾಗಿತ್ತು. ಒಬ್ಬ ದೊಡ್ಡ ಅಧಿಕಾರಿಯ ಹೆಂಡತಿ ಕರವಸ್ತ್ರ ಮೂಗಿಗೆ ಒತ್ತಿಕೊಂಡು, "ವಾಟ್ ಅ ನೋಬಲ್ ಮ್ಯಾನ್!" ಎಂದಳು. ಏನೆಂದಳು ಎಂದು ಅತ್ಯಾ ಕೇಳಿದಳು. "ಅಪ್ಪ ಭಾಳ ಒಳ್ಳೆಯವ ಅಂದ್ರು," ಎಂದೆ. ಈ ಸಲ ಟ್ರಾನ್ಸ್‌ಲೇಷನ್ ಸರಿಯಾಗಿತ್ತು.

"ಒಳಗ ನಾಕ ಮಂದಿ ಇದ್ದಾಗೂ ಒಳ್ಳೆಯವನ ಇದ್ದ," ಎಂದಳು ಅತ್ಯಾ. ಅದನ್ನು ನಾನು ಆ ಹೆಂಗಸಿಗೆ ಹೇಳಲಿಲ್ಲ.

ಎರಡು ವರ್ಷ ಹಾಗೆ ನಡೆಯಿತು. ಅಷ್ಟರಲ್ಲಿ ಅಪ್ಪ ಒಂದು ಮಷೀನು ಮಾಡಿದ. ನೂರೆಂಟು ಸುತ್ತು ಸುತ್ತಿ, ತಾನೇ ನಿಂತು, ಒಂದು ಅಕ್ಕಿಕಾಳು ಸರಿದು, ಮತ್ತೆ ಶುರು ಮಾಡುವ ಮಷೀನು. ನಿಜಕ್ಕೂ ಅದ್ಭುತ ಕೆಲಸ, ಅದನ್ನು ಅಲ್ಲಗಳೆಯಲಾರೆ. ಅತ್ಯಾನನ್ನು ಅದರ ಮುಂದೆ ನಿಲ್ಲಿಸಿ, ಅವಳ ಕೈಯನ್ನು ಅದರ ಮೇಲಿಟ್ಟ. ಮಷೀನು ಓಡಿತು, ನಿಂತಿತು, ಓಡಿತು.

"ಮೇರು ದಾಟೂದಿಲ್ಲ ನೋಡಕ್ಕಾ," ಎಂದ.

"ನಾಮಾ ಯಾವುದು ಹೇಳ್ತದಪ್ಪಾ?" ಎಂದು ಕೇಳಿದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಆ ತಿಂಗಳೇ ಅವಳನ್ನು ಊರಿಗೆ ಕಳಿಸುವುದೆಂದಾಯಿತು. ಸತ್ತ ಗಂಡನ ಮನೆಯವರು ಯಾರೋ ಇದ್ದರು, ಹಳ್ಳಿಯಲ್ಲಿ. "ಅಲ್ಲಿ ಹವಾ ಛಲೋ ಅದ," ಎಂದ ಅಪ್ಪ. ಹೊರಡುವಾಗ ತನ್ನ ಕಂಪನಿಯ ಹೊಸ ಮಾಡೆಲ್ ರೇಡಿಯೋ ಒಂದನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿಕೊಟ್ಟ. ಆ ಹಳ್ಳಿಗೆ ಇನ್ನೂ ಕರೆಂಟ್ ಬಂದಿರಲಿಲ್ಲ. ಅದು ಅಪ್ಪನಿಗೆ ಹೊಳೆದೇ ಇರಲಿಲ್ಲ ಎಂದು ನನ್ನ ನಂಬಿಕೆ. ನನಗೆ ಹೊಳೆದಿತ್ತು. ಹೇಳಲಿಲ್ಲ.

ಬೆಳಗಿನ ಗಾಡಿ. ಊರಿನ ಕಡೆ ಹೊರಟಿದ್ದ ಪರಿಚಯದ ಒಂದು ಕುಟುಂಬದ ಜೊತೆ ಅವಳನ್ನು ಕೂರಿಸಬೇಕಿತ್ತು. ಅಪ್ಪನಿಗೆ ಫ್ಯಾಕ್ಟರಿಯಲ್ಲಿ ಯಾರೋ ಬರುವವರಿದ್ದರು, ಸ್ಟೇಷನ್ನಿಗೆ ನಾನೇ ಹೋದೆ, ಯೂನಿಫಾರ್ಮಿನಲ್ಲಿ. ಕಿಟಕಿಯ ಪಕ್ಕ ಅವಳನ್ನು ಕೂರಿಸಿದೆ. ಕಿಟಕಿ ಯಾಕೆ ಎಂದು ನನಗೇ ಅನ್ನಿಸಿತು. ಪೆಟ್ಟಿಗೆಯನ್ನು ಕಾಲ ಹತ್ತಿರ ಇಟ್ಟೆ. ಕೆಳಗಿಳಿದು ಪ್ಲಾಟ್‌ಫಾರ್ಮಿನಲ್ಲಿ ನಿಂತೆ.

ಅತ್ಯಾ ಜಪದ ಚೀಲದಿಂದ ಒಂದು ಮಡಿಸಿದ ಕಾಗದ ತೆಗೆದು ಕಿಟಕಿಯ ಸರಳುಗಳ ನಡುವೆ ಚಾಚಿದಳು. ಡಾಕ್ಟರರ ಪತ್ರ. ಮಡಿಕೆಗಳಲ್ಲಿ ಸವೆದು ಬಟ್ಟೆಯ ಹಾಗಾಗಿತ್ತು.

"ಆವತ್ತ ನೀ ಇದನ್ನ ಇಂಗ್ಲಿಷಿನೊಳಗ ಓದಿದಾಗ ನಾ ಅರವತ್ತೆರಡ ಮಣಿ ಎಣಿಸಿದ್ದೆ ಕೂಸ," ಎಂದಳು. "ಕನ್ನಡದೊಳಗ ಹೇಳಿದಾಗ ನಾಕ ಮಣಿ."

ಪಕ್ಕದಲ್ಲಿ ಕೂಲಿಯೊಬ್ಬ ಯಾರನ್ನೋ ಬೈಯುತ್ತಿದ್ದ.

"ಐವತ್ತೆಂಟ ಮಣಿ ಮಾತ ಎಲ್ಲಿ ಹೋತು ಅಂತ ಆವತ್ತ ಕೇಳಬೇಕಂದಿದ್ದೆ."

"ಯಾಕ ಕೇಳ್ಲಿಲ್ಲತ್ಯಾ?"

"ನಿಮ್ಮಪ್ಪ ಹೇಳಿಸ್ಯಾನ ಅಂತ ಗೊತ್ತಿತ್ತು. ಅವನ ಬಿಡು, ಅವ ಹಂಗ. ಬಿಲ್ಡಿಂಗಿನೊಳಗ ಇಂಗ್ಲಿಷ್ ಬಲ್ಲವರು ಭಾಳ ಮಂದಿ ಇದ್ರು, ಯಾರ ಕಡೆಯಿಂದರ ಓದಿಸಬಹುದಿತ್ತು. ಆದ್ರ ನಿನ್ನ ಬೆಳಸಿದಾಕಿ ನಾನು. ಇವತ್ತ ಹೇಳ್ತದ, ನಾಳೆ ಹೇಳ್ತದ ಅಂತ ದಿನಾ ಮುಂಜಾನೆ ನಿನ್ನ ಮಾರಿ ನೋಡ್ತಿದ್ದೆ." ಅವಳ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ, ಬೇಳೆಯಲ್ಲಿ ಕಲ್ಲು ಆರಿಸುವ ಧ್ವನಿ ಅದು. "ಮಾರಿ ಕಾಣಸೂದು ನಿಂತ ಮ್ಯಾಲೆ ಬಿಟ್ಟೆ."

ನಾನು ಪತ್ರ ಬಿಡಿಸಿದೆ. "ಈಗ ಓದ್ಲೇನತ್ಯಾ?"

"ಈಗ ಯಾಕ?" ಎಂದಳು. ಕೈ ಮತ್ತೆ ಚೀಲದೊಳಗೆ ಹೋಗಿತ್ತು. "ಸಾಲಿಗೆ ಹೊತ್ತಾಗ್ತದ. ನಡಿ."

ಹೋಗು ಎಂದದ್ದೇ ಸಾಕೆನ್ನುವಂತೆ ನಾನು ಹೊರಟೆ. ಗಾಡಿ ಬಿಡುವವರೆಗೂ ನಿಲ್ಲಲಿಲ್ಲ. ಮೆಟ್ಟಿಲು ಹತ್ತುವಾಗ ಸೀಟಿ ಕೇಳಿಸಿತು, ತಿರುಗಿ ನೋಡಲಿಲ್ಲ. ನೋಡಿದರೂ ಅವಳಿಗೆ ಕಾಣುತ್ತಿರಲಿಲ್ಲ ಎಂದು ಸಮಾಧಾನ ಹೇಳಿಕೊಂಡೆ. ಓಡಿಕೊಂಡು ಹೋಗಿ ಲೋಕಲ್ ಹಿಡಿದೆ. ಕ್ಲಾಸಿಗೆ ಕಾಲಿಟ್ಟಾಗ ಸಿಸ್ಟರ್ ಇನ್ನೂ ಅಟೆಂಡೆನ್ಸ್ ಕರೆಯುತ್ತಿದ್ದರು. ನನ್ನ ಸರದಿ ಬಂದಿತ್ತು. ಎದ್ದು ನಿಂತು, ಸ್ಪಷ್ಟವಾಗಿ, "ಪ್ರೆಸೆಂಟ್, ಸಿಸ್ಟರ್," ಎಂದೆ.